ಮಾರ್ಬೇಡಿ ಅಂದದ್ದು ಮಾರ್ಬಿಡಿ ಆಯ್ತು: ಇಂಟರ್‌ನೆಟ್ ಕರೆಯ ಒಳಗುಟ್ಟು



"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆ ನಿಮಗೆಲ್ಲಾ ಗೊತ್ತೇ ಇದೆ. ಆದರೆ ಆಡಿದ ಮಾತೇ ದಾರಿಯಲ್ಲಿ ಒಡೆದು ಹೋದರೆ ಏನಾಗುತ್ತದೆ ಎಂಬುದು ಹೋದ ಮಳೆಗಾಲದಲ್ಲಿ ನಮ್ಮ ಮನೆಯವರಿಗೆ ಗೊತ್ತಾಯಿತು. ಸಂಪಾದಕರು ನನಗೆ ಎರಡು ಹಾಳೆ ಕೊಟ್ಟಿದ್ದರು. ಬರೆಯುತ್ತಾ ಹೋದಂತೆ ಅದು ಆರು ಹಾಳೆ ಆಗಿದೆ. ದಯವಿಟ್ಟು ಬೇಸರ ಮಾಡಿಕೊಳ್ಳದೆ ಕೊನೆಯವರೆಗೆ ಓದಿ.

ನಡೆದದ್ದು ಏನು?

ನನ್ನ ಅಣ್ಣ ಕುವೈತ್‌ನಲ್ಲಿ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ವಾರಕ್ಕೆ ಎರಡು ಸಲ ಫೋನ್ ಮಾಡ್ತಾನೆ. ಫೋನ್ ಅಂದರೆ ಸಾದಾ ಫೋನ್ ಅಲ್ಲ, ಇಂಟರ್‌ನೆಟ್ ಮೇಲೆ ಬರುವ ಆ್ಯಪ್ ಕಾಲ್. ನಮಗೆ ರಾತ್ರಿ 9 ಗಂಟೆ ಆದಾಗ ಅಲ್ಲಿ ಸಂಜೆ ಆರೂವರೆ. ನಮ್ಮ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಬಚ್ಚಲಮನೆ ಹಿಂದೆ ಹಲಸಿನ ಮರದ ಬುಡದಲ್ಲಿ ಮಾತ್ರ ಎರಡು ಗೀಟು ಬರುತ್ತದೆ. ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು ಅಲ್ಲೇ ನಿಂತು ಮಾತಾಡುವುದು.

ಅಜ್ಜಿಗೆ ಕಣ್ಣಿನ ಪೊರೆ ಬಂದಿತ್ತು. ಆಪರೇಷನ್ ಮಾಡಿಸಬೇಕು, ದುಡ್ಡು ಸಾಲದು. ನಮ್ಮ ಗೌರಿಯನ್ನು ಮಾರುವ ಮಾತು ಬಂತು. ಗೌರಿ ಅಂದರೆ ನಮ್ಮ ದನ. ಅದು ಕರುವಾಗಿದ್ದಾಗ ಬಾಟ್ಲಿಯಲ್ಲಿ ಹಾಲು ಕುಡಿಸಿ ಸಾಕಿದವನು ಅಣ್ಣನೇ. ಹಾಗಾಗಿ ಅಪ್ಪಯ್ಯ ಅವನನ್ನು ಕೇಳದೆ ಮಾರಬಾರದು ಅಂತ ಕಾದಿದ್ದರು. ಆವತ್ತು ರಾತ್ರಿ ಫೋನ್ ಬಂತು. ಅಪ್ಪಯ್ಯ ವಿಷಯ ಹೇಳಿದರು. ಆ ಕಡೆಯಿಂದ ಅಣ್ಣನ ಮಾತು ತುಂಡು ತುಂಡಾಗಿ ಬರ್ತಾ ಇತ್ತು. ಕೊನೆಗೆ "ಅಪ್ಪಯ್ಯ, ಗೌರಿನ ಮಾರ್ಬಿಡಿ, ನಾನು..." ಅಂತ ಕೇಳಿಸಿ ಕಾಲ್ ಕಟ್ಟಾಯಿತು. ಮತ್ತೆ ಹತ್ತು ಸಲ ಮಾಡಿದರೂ ಸಿಗಲಿಲ್ಲ.

ಅಜ್ಜಿ ಜಗಲಿ ಮೇಲೆ ಕೂತು "ಅವ್ನೇ ಹೇಳಿದ್ನಾ ಮಾರ್ಬಿಡಿ ಅಂತ?" ಎಂದು ಎರಡು ಸಲ ಕೇಳಿದರು. ಅಪ್ಪಯ್ಯ "ಹೂಂ" ಅಂದರು, ಮತ್ತೆ ಮಾತಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಪಕ್ಕದೂರಿನ ಡೇರಿ ಇಟ್ಟವರು ಬಂದು ದುಡ್ಡು ಕೊಟ್ಟು ಗೌರಿಯನ್ನು ಹೊಡೆದುಕೊಂಡು ಹೋದರು. ನಾನು ಶಾಲೆಯಿಂದ ಬಂದಾಗ ಕೊಟ್ಟಿಗೆಯಲ್ಲಿ ಬರೀ ಹಗ್ಗ ಇತ್ತು.

ಎರಡು ದಿನ ಬಿಟ್ಟು ಅಣ್ಣನ ಮೆಸೇಜ್ ಬಂತು: "ದುಡ್ಡು ಹಾಕಿದ್ದೀನಿ. ಅಜ್ಜಿ ಆಪರೇಷನ್ ಆಗ್ಲಿ. ಗೌರಿಗೆ ಒಂದು ಮೂಟೆ ಹಿಂಡಿ ತಗೊಳ್ಳಿ." ಅದನ್ನು ಅಪ್ಪಯ್ಯನಿಗೆ ಓದಿ ಹೇಳಿದವನು ನಾನೇ. ಓದುವಾಗ ನನ್ನ ಗಂಟಲು ಕಟ್ಟಿತು. ಅಣ್ಣ ಹೇಳಿದ್ದು "ಮಾರ್ಬೇಡಿ". ನಮಗೆ ಕೇಳಿಸಿದ್ದು "ಮಾರ್ಬಿಡಿ".

ಅಪ್ಪಯ್ಯ ಅವತ್ತೇ ಹೋಗಿ ಕೈ ಮುಗಿದು ಗೌರಿಯನ್ನು ವಾಪಸ್ ತಂದರು. ಆ ಮನೆಯವರು ಒಳ್ಳೆಯವರು, ಕೊಟ್ಟರು. ಗಾಡಿ ಬಾಡಿಗೆ, ಅದು ಇದು ಅಂತ 1,500 ರೂಪಾಯಿ ಕೈಬಿಟ್ಟಿತು. ಅಷ್ಟರಲ್ಲೇ ಮುಗಿಯಿತಲ್ಲ ಅಂತ ಅಮ್ಮ ಸಮಾಧಾನ ಮಾಡಿಕೊಂಡರು.

ಆದರೆ ನನಗೆ ಸಮಾಧಾನ ಆಗಲಿಲ್ಲ. ಬರೆದ ಮೆಸೇಜ್ ಒಂದಕ್ಷರ ತಪ್ಪದೆ ಬಂತು. ಅದೇ ಫೋನಿನಲ್ಲಿ, ಅದೇ ಇಂಟರ್‌ನೆಟ್ಟಿನಲ್ಲಿ, ಆಡಿದ ಮಾತು ಯಾಕೆ ಒಡೆದು ಬಂತು? ಈ ಪ್ರಶ್ನೆಯನ್ನು ನಮ್ಮ ವಿಜ್ಞಾನ ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋದೆ. ಅವರು ಹೇಳಿಕೊಟ್ಟದ್ದು, ನಾನು ಓದಿದ್ದು, ನಾವೆಲ್ಲಾ ಸೇರಿ ಮಾಡಿ ನೋಡಿದ್ದು, ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಹಳೆಯ ಫೋನು ಹೇಗಿತ್ತು?

ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರು 1876ರಲ್ಲಿ ಟೆಲಿಫೋನ್ ಕಂಡುಹಿಡಿದದ್ದು ಪಾಠದಲ್ಲಿ ಓದಿದ್ದೇವೆ. ಅದರ ನಂತರ ನೂರು ವರ್ಷಕ್ಕೂ ಹೆಚ್ಚು ಕಾಲ ಫೋನಿನ ಮೂಲ ನಿಯಮ ಒಂದೇ ಆಗಿತ್ತು. ನೀವು ಮಾತಾಡುವಷ್ಟು ಹೊತ್ತು ನಿಮ್ಮ ಮನೆಯಿಂದ ಆ ಕಡೆಯ ಮನೆಯವರೆಗೆ ಒಂದು ದಾರಿಯನ್ನು ಪೂರ್ತಿ ನಿಮಗೇ ಬಿಟ್ಟುಕೊಡುವುದು. ನೀವು ಸುಮ್ಮನೆ ಕೂತಿದ್ದರೂ ಆ ದಾರಿಯಲ್ಲಿ ಬೇರೆಯವರು ಬರುವ ಹಾಗಿಲ್ಲ. ಈ ದಾರಿಯನ್ನು ಜೋಡಿಸಿಕೊಡುವ ಜಾಗವೇ ಟೆಲಿಫೋನ್ ಎಕ್ಸ್‌ಚೇಂಜ್.

ಹಳ್ಳಿಗಳಿಗೆ ಎಕ್ಸ್‌ಚೇಂಜ್ ಬರುವುದೇ ಕಷ್ಟವಾಗಿತ್ತು. ಸಿ-ಡಾಟ್ ಎಂಬ ಸಂಸ್ಥೆಯನ್ನು ಭಾರತ ಸರ್ಕಾರ 1984ರಲ್ಲಿ ಶುರು ಮಾಡಿತು. ನಮ್ಮ ದೇಶದ ಸೆಕೆ, ಧೂಳನ್ನು ತಡೆದುಕೊಂಡು ಹವಾನಿಯಂತ್ರಣ ಇಲ್ಲದೆಯೂ ನಡೆಯುವ ಚಿಕ್ಕ ಎಕ್ಸ್‌ಚೇಂಜನ್ನು ಅವರು ತಯಾರಿಸಿದರು. ಹೆಮ್ಮೆಯ ಸಂಗತಿ ಏನೆಂದರೆ ಅಂಥ ಮೊದಲನೆಯ ಹಳ್ಳಿ ಎಕ್ಸ್‌ಚೇಂಜನ್ನು 1986ರಲ್ಲಿ ಹಾಕಿದ್ದು ನಮ್ಮ ಕರ್ನಾಟಕದಲ್ಲೇ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಆಮೇಲೆ ಊರೂರಿಗೆ ಎಸ್‌ಟಿಡಿ ಬೂತುಗಳು ಬಂದವು. ಅಜ್ಜಿ ಹೇಳ್ತಾರೆ, "ಆಗ ಬೂತಿನ ಮೀಟರ್ ನೋಡ್ತಾ ಎದೆ ಹೊಡ್ಕೊಳ್ಳೋದು, ಮಾತು ಬಾಯಿಗೇ ಬರ್ತಿರ್ಲಿಲ್ಲ" ಅಂತ. ಪರದೇಶಕ್ಕೆ ಮಾತಾಡಿದರೆ ನಿಮಿಷಕ್ಕೆ ಹತ್ತಾರು ರೂಪಾಯಿ ಆಗ್ತಿತ್ತು. ಸಮುದ್ರ ದಾಟಿ ಒಂದು ಇಡೀ ದಾರಿಯನ್ನು ಒಬ್ಬರಿಗೇ ಬಿಟ್ಟುಕೊಡುವುದೆಂದರೆ ದುಬಾರಿಯೇ ಸರಿ.

ಆದರೆ ಆ ದುಡ್ಡಿಗೆ ಒಂದು ಗುಣ ಇತ್ತು. ಒಮ್ಮೆ ದಾರಿ ಜೋಡಿಸಿದರೆ ಹಿಂದೆ ಮುಂದೆ ಆಗದೆ, ಹೊರಟ ಕ್ರಮದಲ್ಲೇ ಮಾತು ಬಂದು ಸೇರುತ್ತಿತ್ತು.

ಮಾತು ಅಂಕಿಯಾಗುವುದು

ಇಂಟರ್‌ನೆಟ್ಟಿಗೆ ಅಂಕಿ ಮಾತ್ರ ಗೊತ್ತು. ಮಾತು ಗೊತ್ತಿಲ್ಲ. ಹಾಗಾದರೆ ಮಾತನ್ನು ಅಂಕಿ ಮಾಡುವುದು ಹೇಗೆ?

ನಾವು ಮಾತಾಡಿದಾಗ ಗಾಳಿ ನಡುಗುತ್ತದೆ. ಆ ನಡುಕ ಫೋನಿನ ಮೈಕಿಗೆ ತಾಗಿ ವಿದ್ಯುತ್ತಿನ ಏರಿಳಿತ ಆಗುತ್ತದೆ. ಆ ಏರಿಳಿತವನ್ನು ಫೋನು ಬೇಗ ಬೇಗ ಅಳೆಯುತ್ತದೆ. ಎಷ್ಟು ಬೇಗ ಗೊತ್ತಾ? ಟೆಲಿಫೋನಿನ ಹಳೆಯ ಅಳತೆಯಲ್ಲಿ ಸೆಕೆಂಡಿಗೆ 8,000 ಸಲ! ಒಂದೊಂದು ಅಳತೆಯನ್ನೂ 0ಯಿಂದ 255ರೊಳಗಿನ ಒಂದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಹೊಳೆ ನೀರು ಎಷ್ಟು ಏರಿತು ಅಂತ ಸೇತುವೆ ಕಂಬದ ಮೇಲೆ ಗೀಟು ನೋಡಿ ಬರೆದ ಹಾಗೆ. ಅಂಕಿಗಳನ್ನು ಅದೇ ವೇಗದಲ್ಲಿ ಓದಿ ಸ್ಪೀಕರನ್ನು ನಡುಗಿಸಿದರೆ ಅದೇ ಧ್ವನಿ ಮತ್ತೆ ಹುಟ್ಟುತ್ತದೆ.

ಸೆಕೆಂಡಿಗೆ 8,000 ಅಂಕಿ ಎಂದರೆ ಕಂಪ್ಯೂಟರ್ ಲೆಕ್ಕದಲ್ಲಿ 64,000 ಬಿಟ್. ಇದು ಜಾಸ್ತಿ ಆಯ್ತು ಅಂತ ಈಗಿನ ಆ್ಯಪ್‌ಗಳು ಅಂಕಿಗಳನ್ನು ಮಡಚಿ ಚಿಕ್ಕದು ಮಾಡುತ್ತವೆ. ಹೀಗೆ ಮಡಚುವ, ಬಿಚ್ಚುವ ಲೆಕ್ಕಕ್ಕೆ ಕೋಡೆಕ್ ಎನ್ನುತ್ತಾರೆ. 2012ರಲ್ಲಿ ಬಂದ ಓಪಸ್ ಎಂಬ ಕೋಡೆಕ್ ಸೆಕೆಂಡಿಗೆ 6,000 ಬಿಟ್‌ನಷ್ಟು ಕಮ್ಮಿಯಲ್ಲೂ ಮಾತು ಕಳಿಸಬಲ್ಲದು. ಸಿಗ್ನಲ್ ಚೆನ್ನಾಗಿದ್ದರೆ ಜಾಸ್ತಿ ಬಿಟ್ ತಗೊಂಡು ಧ್ವನಿಯನ್ನು ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಮಾಡುತ್ತದೆ. ಸಿಗ್ನಲ್ ಕಮ್ಮಿಯಾದರೆ ಬಿಟ್ ಇಳಿಸುತ್ತದೆ. ಆಗಲೇ ಧ್ವನಿ ಡಬ್ಬದೊಳಗಿಂದ ಬಂದ ಹಾಗೆ ಕೇಳುವುದು.

ಅಂಕಿ ತುಂಡಾಗಿ ಹೋಗುವುದು

ಈಗ ಮುಖ್ಯ ವಿಷಯಕ್ಕೆ ಬಂದೆವು. ಇಂಟರ್‌ನೆಟ್ಟಿನಲ್ಲಿ ಯಾರಿಗೂ ಸ್ವಂತ ದಾರಿ ಇಲ್ಲ. ಎಲ್ಲರೂ ಒಂದೇ ರಸ್ತೆಯಲ್ಲಿ ಹೋಗಬೇಕು. ಸಿನಿಮಾ, ಫೋಟೋ, ಬ್ಯಾಂಕಿನ ಲೆಕ್ಕ, ಅಣ್ಣನ ಮಾತು, ಎಲ್ಲಾ ಒಟ್ಟಿಗೆ. ಅದಕ್ಕಾಗಿ ಎಲ್ಲವನ್ನೂ ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದರ ಮೇಲೂ ವಿಳಾಸ ಬರೆದು ರಸ್ತೆಗೆ ಬಿಡುತ್ತಾರೆ. ಈ ತುಂಡಿಗೆ ಪ್ಯಾಕೆಟ್ ಎಂದು ಹೆಸರು.

ಮಾತಿನ ಒಂದು ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ಸೆಕೆಂಡಿನ 50ನೇ ಒಂದು ಭಾಗದ ಧ್ವನಿ ಇರುತ್ತದೆ. ಹಳೆಯ ಅಳತೆಯಲ್ಲಿ ಹೇಳುವುದಾದರೆ ಒಂದು ತುಂಡಿನಲ್ಲಿ 160 ಅಂಕಿ. ಅದರ ತಲೆ ಮೇಲೆ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಎಷ್ಟನೇ ತುಂಡು ಎಂಬ ಚೀಟಿ. ಅಂದರೆ ಅಣ್ಣ ಒಂದು ಸೆಕೆಂಡು ಮಾತಾಡಿದರೆ 50 ಲಕೋಟೆ ಹೊರಡುತ್ತವೆ. ಒಂದು ನಿಮಿಷಕ್ಕೆ 3,000 ಲಕೋಟೆ! ಒಂದು ಈ ದಾರಿ, ಒಂದು ಆ ದಾರಿ ಹೋದರೂ ಹೋಗಬಹುದು. ಹಿಂದೆ ಹೊರಟದ್ದು ಮುಂದೆ ಬರಬಹುದು. ಕೆಲವು ಬರದೆಯೇ ಇರಬಹುದು.

ಅಣ್ಣ ಎಲ್ಲಿದ್ದಾನೆ ಎಂದು ನಮ್ಮ ಫೋನಿಗೆ ಹೇಗೆ ಗೊತ್ತು ಅಂತ ನೀವು ಕೇಳಬಹುದು. ಅವನ ಫೋನಿನ ಆ್ಯಪ್ ಆಗಾಗ ಕಂಪನಿಯ ಕಂಪ್ಯೂಟರಿಗೆ "ನಾನು ಈಗ ಈ ವಿಳಾಸದಲ್ಲಿದ್ದೇನೆ" ಎಂದು ಹೇಳುತ್ತಾ ಇರುತ್ತದೆ. ನಾವು ಕರೆ ಮಾಡಿದಾಗ ಆ ಕಂಪ್ಯೂಟರ್ ಇಬ್ಬರಿಗೂ ಒಬ್ಬರ ವಿಳಾಸ ಒಬ್ಬರಿಗೆ ಕೊಡುತ್ತದೆ. ಆಮೇಲೆ ಆದಷ್ಟು ನೇರವಾಗಿ ಲಕೋಟೆಗಳ ಓಡಾಟ.

ಇದು ಯಾಕೆ ಅಗ್ಗ ಎಂಬುದೂ ಈಗ ತಿಳಿಯಿತಲ್ಲ? ಬಸ್ಸು ಪೂರ್ತಿ ಬಾಡಿಗೆ ಹಿಡಿದರೆ ಒಂದು ರೇಟು, ಎಲ್ಲರ ಜೊತೆ ಟಿಕೆಟ್ ತಗೊಂಡು ಹೋದರೆ ಒಂದು ರೇಟು. ಆದರೆ ಜನ ಜಾಸ್ತಿ ಆದ ದಿನ ಬಸ್ಸಿನ ಬಾಗಿಲಲ್ಲಿ ನೇತಾಡಬೇಕಾಗುತ್ತದೆ.

ಕಳೆದ ತುಂಡನ್ನು ಮತ್ತೆ ಯಾಕೆ ಕಳಿಸುವುದಿಲ್ಲ?

ನನ್ನ ಪ್ರಶ್ನೆಗೆ ಉತ್ತರ ಇದ್ದದ್ದು ಇಲ್ಲೇ. ಮೆಸೇಜ್ ಮತ್ತು ಮಾತು ಒಂದೇ ರಸ್ತೆಯಲ್ಲಿ ಬಂದರೂ ಎರಡರ ಕಾನೂನು ಬೇರೆ ಬೇರೆ.

ಮೆಸೇಜ್ ಕಳಿಸುವುದು ಸಹಿ ಹಾಕಿಸಿಕೊಂಡು ಕೊಡುವ ಕಾಗದದ ಹಾಗೆ. ಪ್ರತಿ ತುಂಡು ಮುಟ್ಟಿದಾಗಲೂ ಆ ಕಡೆಯಿಂದ "ಮುಟ್ಟಿತು" ಎಂಬ ಉತ್ತರ ಬರಬೇಕು. ಬರದಿದ್ದರೆ ಅದೇ ತುಂಡನ್ನು ಮತ್ತೆ ಕಳಿಸುತ್ತದೆ. ಹತ್ತು ಸೆಕೆಂಡು ತಡ ಆದರೂ, ಹತ್ತು ಗಂಟೆ ತಡ ಆದರೂ ಅಕ್ಷರ ಒಂದೂ ತಪ್ಪುವುದಿಲ್ಲ. ಈ ಪದ್ಧತಿಗೆ ಟಿಸಿಪಿ ಎಂದು ಹೆಸರು.

ಮಾತಿಗೆ ಹಾಗೆ ಕಾಯಲು ಬರುವುದಿಲ್ಲ. "ಬೇ" ಎಂಬ ಅಕ್ಷರದ ತುಂಡು ಕಳೆದುಹೋಗಿ, ಅದನ್ನು ಮತ್ತೆ ತರಿಸುವ ಹೊತ್ತಿಗೆ ಅಣ್ಣ ಮುಂದಿನ ಮಾತಿಗೆ ಹೋಗಿರುತ್ತಾನೆ. ಆಗ ಬಂದ "ಬೇ"ಯನ್ನು ಎಲ್ಲಿ ಸೇರಿಸುವುದು? ಮದುವೆ ಮುಗಿದ ಮೇಲೆ ಬಂದ ವಾಲಗದವರ ಹಾಗೆ! ಆದ್ದರಿಂದ ಮಾತಿನ ಲಕೋಟೆಗಳನ್ನು ಸಾಮಾನ್ಯವಾಗಿ ಯುಡಿಪಿ ಎಂಬ ಇನ್ನೊಂದು ಪದ್ಧತಿಯಲ್ಲಿ ಕಳಿಸುತ್ತಾರೆ. ಅದರಲ್ಲಿ ಸಹಿ ಇಲ್ಲ, ಉತ್ತರ ಇಲ್ಲ. ಬಂದದ್ದು ಬಂತು, ಹೋದದ್ದು ಹೋಯಿತು. ಬಹಳ ತಡವಾಗಿ ಬಂದದ್ದನ್ನು ಫೋನು ತಾನೇ ಬಿಸಾಡುತ್ತದೆ.

ಎಷ್ಟು ತಡ ಆದರೆ ಆಗಬಹುದು? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರು ಇದಕ್ಕೆ ಅಳತೆ ಕೊಟ್ಟಿದ್ದಾರೆ. ಬಾಯಿಂದ ಹೊರಟ ಮಾತು ಆ ಕಡೆಯ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಮಾತುಕತೆ ಸರಾಗ. 400 ದಾಟಿದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗಿ, "ಹಲೋ ಹಲೋ" ಶುರು.

ಒಂದು ತುಂಡು ಬರದಿದ್ದರೆ ಫೋನು ಹಿಂದಿನ ತುಂಡಿನ ಧ್ವನಿಯನ್ನೇ ಸ್ವಲ್ಪ ಎಳೆದು ತೇಪೆ ಹಾಕುತ್ತದೆ. ಒಂದೆರಡು ಹೋದರೆ ನಮಗೆ ಗೊತ್ತೇ ಆಗುವುದಿಲ್ಲ. ಸಾಲಾಗಿ ಹೋದರೆ ಎಳೆದ ಧ್ವನಿ ಕ್ಷೀಣಿಸಿ ಸತ್ತುಹೋಗುತ್ತದೆ. ಈಗ ಲೆಕ್ಕ ಹಾಕಿ. "ಬೇ" ಎನ್ನಲು ಸೆಕೆಂಡಿನ ಐದನೇ ಒಂದು ಭಾಗ ಬೇಕು ಅಂತ ಇಟ್ಟುಕೊಳ್ಳಿ. ಅದು 10 ತುಂಡು. ಅದರಲ್ಲಿ ಕೊನೆಯ ಆರೇಳು ತುಂಡು ಹೋದರೆ ದೀರ್ಘ ಇದ್ದದ್ದು ಹ್ರಸ್ವ ಆಗುತ್ತದೆ. ಆರೇಳು ಲಕೋಟೆ, ಅಷ್ಟೇ! ಹೀಗೇ ಆಗಿರಬೇಕು ಅಂತ ಮೇಷ್ಟ್ರು ಹೇಳಿದರು. ಇನ್ನೂ ಒಂದು ಮಾತು ಹೇಳಿದರು: "ಫೋನು ಅರ್ಧ ತೇಪೆ ಹಾಕುತ್ತೆ, ಉಳಿದರ್ಧ ನಮ್ಮ ಮನಸ್ಸು ಹಾಕುತ್ತೆ." ಅಪ್ಪಯ್ಯನಿಗೆ ಮಾರಲೇಬೇಕಾಗುತ್ತದೆ ಎಂಬ ಚಿಂತೆ ಮೊದಲೇ ಇತ್ತು. ಅದಕ್ಕೇ ಅರೆಬರೆ ಕೇಳಿದ ಮಾತು ಹಾಗೇ ಕೇಳಿಸಿತು.

ಕನ್ನಡದಲ್ಲಿ ಇನ್ನೊಂದು ಅಪಾಯ ಇದೆ ನೋಡಿ. ನಮ್ಮ ಭಾಷೆಯಲ್ಲಿ ಬೇಡ, ಇಲ್ಲ, ಬಾರದು ಎಲ್ಲಾ ಬರುವುದು ಮಾತಿನ ಕೊನೆಗೆ. "ಔಷಧಿ ಕೊಡಬಾರದು" ಎಂಬುದರ ಬಾಲ ಹೋದರೆ "ಔಷಧಿ ಕೊಡ..." ಎಂದು ಉಳಿಯುತ್ತದೆ. ಬಾಲದಲ್ಲೇ ಪ್ರಾಣ ಇರುವ ಭಾಷೆ ನಮ್ಮದು.

ನಾವು ಮಾಡಿದ ಪ್ರಯೋಗ

ಇದನ್ನು ಕಣ್ಣಾರೆ ನೋಡಬೇಕು ಅಂತ ಒಂದು ಶನಿವಾರ ನಮ್ಮ ತರಗತಿಯವರು ಆಟದ ಬಯಲಿನಲ್ಲಿ ಪ್ರಯೋಗ ಮಾಡಿದೆವು. "ನಾಳೆ ಆಟದ ಬಯಲಿಗೆ ಎಲ್ಲರೂ ಬರಬೇಕು" ಎಂಬ ವಾಕ್ಯದಲ್ಲಿ 16 ಅಕ್ಷರ ಇದೆ. ಒಂದು ಚೀಟಿಗೆ ಒಂದು ಅಕ್ಷರದಂತೆ 16 ಚೀಟಿ ಬರೆದು ನಂಬರ್ ಹಾಕಿದೆವು.

ಮೊದಲು ಹಳೆಯ ಫೋನಿನ ಆಟ. ಗೇಟಿನಿಂದ ಶಾಲೆಯ ಮೆಟ್ಟಿಲವರೆಗೆ ಎಲ್ಲರೂ ಸಾಲಾಗಿ ನಿಂತು ಚೀಟಿಯನ್ನು ಕೈಯಿಂದ ಕೈಗೆ ದಾಟಿಸಿದೆವು. 16ಕ್ಕೆ 16 ಬಂತು, ಕ್ರಮವಾಗಿ ಬಂತು. ಆದರೆ ಇಡೀ ತರಗತಿ ಒಂದು ವಾಕ್ಯಕ್ಕೆ ನಿಂತುಕೊಳ್ಳಬೇಕಾಯಿತು.

ಆಮೇಲೆ ಇಂಟರ್‌ನೆಟ್ ಆಟ. ಬರೀ ಮೂರು ಜನ ಓಡುವವರು. ಒಬ್ಬ ಧ್ವಜಸ್ತಂಭದ ಕಡೆಯಿಂದ, ಒಬ್ಬಳು ಬಾವಿಕಟ್ಟೆ ಸುತ್ತಿಕೊಂಡು, ಇನ್ನೊಬ್ಬ ಅಡುಗೆ ಕೋಣೆ ಹಿಂದಿನಿಂದ. ಮೆಟ್ಟಿಲ ಮೇಲೆ ಓದುವವಳು ಒಬ್ಬಳು. ಮೇಷ್ಟ್ರು ಚಪ್ಪಾಳೆ ಹೊಡೆದಾಗಲೆಲ್ಲಾ ಅವಳು ಮುಂದಿನ ನಂಬರಿನ ಅಕ್ಷರ ಓದಬೇಕು. ಕೈಯಲ್ಲಿ ಆ ಚೀಟಿ ಇಲ್ಲದಿದ್ದರೆ "ಹೂಂ" ಎಂದು ಮುಂದೆ ಹೋಗಬೇಕು. ತಡವಾಗಿ ಬಂದ ಚೀಟಿ ಬುಟ್ಟಿಗೆ.

ಮೊದಲ ಸಲ ಮೊದಲನೇ ಚೀಟಿ ಬಂದ ಕೂಡಲೇ ಓದಲು ಶುರು ಮಾಡಿದಳು. ಐದು ಚೀಟಿ ಬುಟ್ಟಿಗೆ ಹೋಯಿತು. ಕೊನೆಯ "ಬೇಕು" ಪೂರ್ತಿ ಹೋಗಿ "ಬರ" ಅಂತ ನಿಂತಿತು. ಬರಬೇಕೋ ಬರಬಾರದೋ? ಎಲ್ಲರೂ ನಕ್ಕರು. ನನಗೆ ಮಾತ್ರ ಗೌರಿಯ ನೆನಪಾಯಿತು.

ಎರಡನೇ ಸಲ ಮೇಷ್ಟ್ರು "ನಾಲ್ಕು ಚಪ್ಪಾಳೆ ಕಾದು ಆಮೇಲೆ ಓದು" ಎಂದರು. ಆಗ ಒಂದೇ ಒಂದು ಚೀಟಿ ತಪ್ಪಿತು. ಮೂರನೇ ಸಲ ಎಲ್ಲಾ ಚೀಟಿ ಬರುವವರೆಗೆ ಕಾದಳು. ಒಂದೂ ತಪ್ಪಲಿಲ್ಲ. ಆದರೆ ಅಷ್ಟರಲ್ಲಿ ಗೇಟಿನ ಹತ್ತಿರ ಇದ್ದವರು "ಮುಟ್ಟಿತಾ? ಏನಾಯ್ತು?" ಎಂದು ಕೂಗಲು ಶುರು ಮಾಡಿದ್ದರು.

ಫೋನಿನೊಳಗೂ ಹೀಗೇ ನಾಲ್ಕು ಚಪ್ಪಾಳೆ ಕಾಯುವ ಒಂದು ಬುಟ್ಟಿ ಇದೆ. ಅದಕ್ಕೆ ಜಿಟ್ಟರ್ ಬಫರ್ ಎನ್ನುತ್ತಾರೆ. ಜಾಸ್ತಿ ಕಾದರೆ ಮಾತು ತಡ, ಕಮ್ಮಿ ಕಾದರೆ ಮಾತು ತುಂಡು. ಎರಡರ ನಡುವೆ ಸಮ ಮಾಡುವುದೇ ಅದರ ಕೆಲಸ.

ಸಮುದ್ರ ಕಷ್ಟವೋ, ಗುಡ್ಡ ಕಷ್ಟವೋ?

ಕುವೈತ್ ದೂರ ಅಲ್ವಾ, ಅದಕ್ಕೇ ಮಾತು ಒಡೆಯುತ್ತದೆ ಅಂತ ನಾನು ತಿಳಿದಿದ್ದೆ. ಅದು ತಪ್ಪು. ಪರದೇಶದ ಇಂಟರ್‌ನೆಟ್ ಹೆಚ್ಚಾಗಿ ಬರುವುದು ಆಕಾಶದಿಂದ ಅಲ್ಲ, ಸಮುದ್ರದ ತಳದಲ್ಲಿ ಹಾಕಿರುವ ಗಾಜಿನ ಎಳೆಯ ಕೇಬಲ್‌ಗಳಿಂದ. ಮುಂಬೈ ಕಡಲತೀರದಲ್ಲಿ ಅಂಥ ಅನೇಕ ಕೇಬಲ್‌ಗಳು ದಡ ಸೇರುತ್ತವೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 4,000 ಕಿಲೋಮೀಟರ್ ದಾರಿ ಅಂತ ಇಟ್ಟುಕೊಂಡರೂ 20 ಮಿಲಿಸೆಕೆಂಡ್ ಸಾಕು. ಅಂದರೆ ಒಂದು ಲಕೋಟೆಯ ಧ್ವನಿ ಇರುವಷ್ಟೇ ಹೊತ್ತು. ಅರಬ್ಬೀ ಸಮುದ್ರ ದಾಟುವುದು ಮಾತಿಗೆ ಕಷ್ಟವೇ ಅಲ್ಲ.

ಕಷ್ಟ ಇರುವುದು ಟವರಿನಿಂದ ನಮ್ಮ ಹಲಸಿನ ಮರದವರೆಗಿನ ಕೊನೆಯ ಮೂರು ಕಿಲೋಮೀಟರಿನಲ್ಲಿ. ನಡುವೆ ಗುಡ್ಡ. ಅಲೆಗಳು ದುರ್ಬಲವಾಗಿ ಬರುತ್ತವೆ. ರಾತ್ರಿ ಊಟದ ಹೊತ್ತಿಗೆ ಸುತ್ತಲಿನ ನಾಲ್ಕೂರಿನವರು ಒಂದೇ ಟವರಿನಲ್ಲಿ ಧಾರಾವಾಹಿ, ಕ್ರಿಕೆಟ್ ನೋಡುತ್ತಾರೆ. ಲಕೋಟೆಗಳು ಸಾಲಿನಲ್ಲಿ ನಿಲ್ಲುತ್ತವೆ. ಸಾಲು ಉದ್ದವಾದರೆ ಕೆಲವನ್ನು ಬಿಸಾಡುತ್ತಾರೆ. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಎಲ್ಲಾ ಬಂದ್.

ಇದು ಶುರುವಾದದ್ದು ಹೇಗೆ?

ಸಂದೇಶವನ್ನು ತುಂಡು ಮಾಡಿ ಕಳಿಸುವ ಆಲೋಚನೆ 1960ರ ದಶಕದ್ದು. ಅಮೆರಿಕದ ಪಾಲ್ ಬರಾನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಬೇರೆ ಬೇರೆಯಾಗಿ ಇದನ್ನು ಯೋಚಿಸಿದರು. ಪ್ಯಾಕೆಟ್ ಎಂಬ ಹೆಸರು ಡೇವಿಸ್ ಅವರದು. 1969ರ ಅಕ್ಟೋಬರ್ 29ರಂದು ಅರ್ಪಾನೆಟ್ ಎಂಬ ಜಾಲದಲ್ಲಿ ಮೊದಲ ಸಂದೇಶ ಹೋಯಿತು. 1970ರ ದಶಕದಲ್ಲೇ ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಅದೇ ಜಾಲದಲ್ಲಿ ಮಾತನ್ನೂ ಕಳಿಸಿ ತೋರಿಸಿದರು. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿ ಮನೆ ಕಂಪ್ಯೂಟರಿನಲ್ಲಿ ಮಾತಾಡುವ ಇಂಟರ್‌ನೆಟ್ ಫೋನ್ ಎಂಬ ಸಾಫ್ಟ್‌ವೇರ್ ಮಾರಿತು. ಅದೇ 1995ರ ಆಗಸ್ಟ್ 15ರಂದು ನಮ್ಮ ದೇಶದ ಜನರಿಗೆ ಇಂಟರ್‌ನೆಟ್ ಸಿಕ್ಕಿತು. ಆದರೆ ಅದರಲ್ಲಿ ಫೋನ್ ಮಾತಾಡುವುದಕ್ಕೆ ಅನುಮತಿ ಇರಲಿಲ್ಲ! 2002ರ ಏಪ್ರಿಲ್ 1ರಿಂದ ಕೆಲವು ಕಟ್ಟುಪಾಡುಗಳ ಜೊತೆ ಸರ್ಕಾರ ಒಪ್ಪಿಗೆ ಕೊಟ್ಟಿತು. 2003ರಲ್ಲಿ ಸ್ಕೈಪ್ ಬಂದು ಲೋಕಪ್ರಸಿದ್ಧವಾಯಿತು, 2025ರ ಮೇ ತಿಂಗಳಲ್ಲಿ ಮುಚ್ಚಿಯೂ ಹೋಯಿತು. 2015ರಲ್ಲಿ ವಾಟ್ಸಾಪ್‌ನಲ್ಲಿ ಮಾತಾಡುವ ಸೌಲಭ್ಯ ಬಂತು. 2016ರಲ್ಲಿ 4ಜಿ ಡೇಟಾ ಅಗ್ಗವಾದ ಮೇಲೆ ಅದು ನಮ್ಮಂಥ ಹಳ್ಳಿಗೂ ಬಂತು.

ಸಾದಾ ಕಾಲ್‌ಗೂ ಆ್ಯಪ್ ಕಾಲ್‌ಗೂ ಏನು ವ್ಯತ್ಯಾಸ?

ಇಲ್ಲಿ ಒಂದು ಆಶ್ಚರ್ಯ ಇದೆ. 4ಜಿ ಫೋನಿನಲ್ಲಿ ನಂಬರ್ ಒತ್ತಿ ಮಾಡುವ ಸಾದಾ ಕಾಲ್ ಕೂಡಾ ಈಗ ಪ್ಯಾಕೆಟ್ ಆಗಿಯೇ ಹೋಗುತ್ತದೆ. ಅದಕ್ಕೆ ವೋಲ್ಟಿಇ ಎನ್ನುತ್ತಾರೆ. ಆದರೆ ಆ ಲಕೋಟೆಗಳಿಗೆ ಟವರಿನಲ್ಲಿ ಮೊದಲ ಮರ್ಯಾದೆ. ಆಂಬುಲೆನ್ಸಿಗೆ ದಾರಿ ಬಿಟ್ಟ ಹಾಗೆ ಸಿನಿಮಾದ ಲಕೋಟೆಗಳು ಪಕ್ಕಕ್ಕೆ ಸರಿಯಬೇಕು. ಆ್ಯಪ್ ಕಾಲಿನ ಲಕೋಟೆಗೆ ಸಾಮಾನ್ಯವಾಗಿ ಆ ಮರ್ಯಾದೆ ಇಲ್ಲ, ಅದು ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲಬೇಕು. ಅದಕ್ಕೇ ಒಂದೇ ಜಾಗದಲ್ಲಿ ನಿಂತರೂ ಸಾದಾ ಕಾಲ್ ಸರಿಯಾಗಿ ಕೇಳಿ ಆ್ಯಪ್ ಕಾಲ್ ಒಡೆಯುವುದು ಉಂಟು.

ಇನ್ನೊಂದು ಮುಖ್ಯ ವಿಷಯ. ಹಾವು ಕಚ್ಚಿದಾಗ, ಬೆಂಕಿ ಬಿದ್ದಾಗ 112ಕ್ಕೆ ಕರೆ ಮಾಡಬೇಕಾದರೆ ಫೋನಿನ ಸಾದಾ ಕಾಲಿನಲ್ಲೇ ಮಾಡಬೇಕು. ವಾಟ್ಸಾಪ್ ಕಾಲ್ ಅದಕ್ಕೆ ಆಗುವುದಿಲ್ಲ. ಹಿಂದಿನ ತಂತಿ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಬರ್ತಿತ್ತು, ಊರಿನ ಕರೆಂಟು ಹೋದರೂ ಅದು ನಡೆಯುತ್ತಿತ್ತು. ಈಗ ಮನೆಗೆ ಫೈಬರ್ ಇಂಟರ್‌ನೆಟ್ ಹಾಕಿಸಿಕೊಂಡವರ ಡಬ್ಬಿ ನಮ್ಮ ಮನೆಯ ಕರೆಂಟಿನಿಂದಲೇ ನಡೆಯಬೇಕು. ಬ್ಯಾಟರಿ ಇಡದಿದ್ದರೆ ಕರೆಂಟಿನ ಜೊತೆ ಫೋನೂ ಹೋಗುತ್ತದೆ.

ನಮ್ಮ ಮನೆಯ ನಿಯಮಗಳು

ಗೌರಿ ವಾಪಸ್ ಬಂದ ಮೇಲೆ ನಾನು ಒಂದು ಹಾಳೆ ಬರೆದು ಅಡುಗೆ ಮನೆ ಗೋಡೆಗೆ ಅಂಟಿಸಿದ್ದೇನೆ. ನಿಮಗೂ ಉಪಯೋಗ ಆಗಬಹುದು.

1. ದುಡ್ಡು, ಔಷಧಿ, ಜಮೀನು, ದನ ಇವುಗಳ ವಿಷಯ ಮಾತಾಡಿದರೆ ಕೇಳಿದವರು ಅದನ್ನೇ ತಿರುಗಿ ಹೇಳಬೇಕು. "ಮಾರುವುದು ಬೇಡ ಅಂದ್ಯಾ?" ಎಂದು ಬಿಡಿಸಿ ಕೇಳಬೇಕು.

2. ಮಾತು ಮುಗಿದ ಮೇಲೆ ಮುಖ್ಯ ವಿಷಯವನ್ನು ಒಂದು ಸಾಲು ಮೆಸೇಜ್ ಬರೆಯಬೇಕು. ಬರೆಯಲು ಬಾರದವರು ಧ್ವನಿ ಮೆಸೇಜ್ ಕಳಿಸಬಹುದು. ಅದು ಮೆಸೇಜಿನ ಕಾನೂನಿನಲ್ಲೇ ಬರುವುದರಿಂದ ತಡ ಆದರೂ ಮಾತು ಒಡೆಯುವುದಿಲ್ಲ.

3. ಮಾತು ಒಡೆಯಲು ಶುರುವಾದರೆ ವಿಡಿಯೋ ನಿಲ್ಲಿಸಿ ಬರೀ ಧ್ವನಿ ಇಟ್ಟುಕೊಳ್ಳಬೇಕು. ಧ್ವನಿಗೆ ಬೇಕಾದ ಜಾಗ ಬಹಳ ಕಮ್ಮಿ.

4. ಗೊತ್ತಿಲ್ಲದವರು ಆ್ಯಪ್ ಕಾಲಿನಲ್ಲಿ ಬಂದು ಪೊಲೀಸ್ ಎಂದು ಹೆದರಿಸಿದರೆ ಕಟ್ ಮಾಡಬೇಕು. ಫೋನಿನಲ್ಲೇ ಬಂಧಿಸುವುದು ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ತಿಳಿಸಬೇಕು.

ಮೊದಲನೇ ನಿಯಮಕ್ಕೆ ಅಣ್ಣ ಮೊದಮೊದಲು ನಗ್ತಿದ್ದ. ಈಗ ಅವನೇ "ಏನು ಕೇಳಿಸ್ತು ಹೇಳಿ" ಅಂತಾನೆ. ಅಜ್ಜಿಯ ಕಣ್ಣಿನ ಆಪರೇಷನ್ ಆಯಿತು. ಈಗ ವಿಡಿಯೋದಲ್ಲಿ ಅವನ ಮುಖ ಕಾಣುತ್ತದೆ. ಹೋದ ವಾರ ಅಜ್ಜಿ ಫೋನನ್ನು ಕೊಟ್ಟಿಗೆಗೆ ತಗೊಂಡು ಹೋಗಿ ಗೌರಿಯ ಮುಖದ ಮುಂದೆ ಹಿಡಿದರು. ಅಲ್ಲಿ ಸಿಗ್ನಲ್ ಇಲ್ಲದೆ ಚಿತ್ರ ನಿಂತೇ ಹೋಯಿತು. ಆದರೂ ಗೌರಿ ಕೂಗಿದ್ದು ಅಣ್ಣನಿಗೆ ಕೇಳಿಸಿತಂತೆ. ಅದಕ್ಕೆ ಅಜ್ಜಿ "ಏನು ಕೇಳಿಸ್ತು ಹೇಳು" ಎಂದು ಕೇಳಿದರು. ಅಣ್ಣ "ಅಂಬಾ" ಅಂದ. ಸರಿಯಾಗಿಯೇ ಮುಟ್ಟಿತ್ತು.

ಓದುಗರಿಗೆ ಒಂದು ಲೆಕ್ಕ: ಒಂದು ಸೆಕೆಂಡಿಗೆ 50 ಪ್ಯಾಕೆಟ್. ಅಣ್ಣ ಒಬ್ಬನೇ ಹತ್ತು ನಿಮಿಷ ಬಿಡದೆ ಮಾತಾಡಿದರೆ ಎಷ್ಟು ಪ್ಯಾಕೆಟ್ ಹೊರಡುತ್ತವೆ? ನೂರಕ್ಕೆ ಒಂದರಂತೆ ಕಳೆದುಹೋದರೆ ಒಟ್ಟು ಎಷ್ಟು ಕಳೆಯುತ್ತವೆ? ಉತ್ತರ ಬರೆದು ಗಣಿತ ಮೇಡಂ ಅವರ ಮೇಜಿನ ಮೇಲೆ ಇಡಿ. ಸರಿಯುತ್ತರ ಬರೆದವರ ಹೆಸರನ್ನು ಮುಂದಿನ ಸಂಚಿಕೆಯಲ್ಲಿ ಬಣ್ಣದ ಪೆನ್ನಿನಲ್ಲಿ ಬರೆಯುತ್ತೇವೆ. ತಪ್ಪಿದ್ದರೆ ತಿದ್ದಿ, ಗುರುಗಳೇ.

ಇಂತಿ ನಿಮ್ಮ ಗೆಳೆಯ,
9ನೇ ತರಗತಿ